ಬಾಂಡಿಗೊಬ್ಬ ಕಾವಲುಗಾರ

ಹಡಗಲಿ ಕಡೆಯವರಿಗೆ ಸಿಂಗಟಾಲೂರು ಏತ ನೀರಾವರಿ ಹೊಸದಲ್ಲ. ಹಮ್ಮಿಗಿ ಹತ್ತಿರ ತುಂಗಭದ್ರೆಗೆ ಬ್ಯಾರೇಜು ಕಟ್ಟಿದ್ದು ಕರ್ನಾಟಕ ನೀರಾವರಿ ನಿಗಮ. ನಿಗಮ ಅಂದ್ರೆ ಕಂಪನಿ. ಕಾಲುವೆ ತೋಡೋಕೆ ಇಲಾಖೆ ಇರುವಾಗ ಕಂಪನಿ ಯಾಕೆ ಬೇಕಾಯ್ತು?

ಉತ್ತರ ಕೃಷ್ಣೆಯ ದಡದಲ್ಲಿದೆ. ಬಚಾವತ್ ತೀರ್ಪನ್ನು 2000ದ ಮೇ 31ರ ನಂತರ ಮರುಪರಿಶೀಲನೆ ಮಾಡಬಹುದಿತ್ತು. ಅಷ್ಟರೊಳಗೆ ನಮ್ಮ ಪಾಲಿನ ನೀರು ಬಳಸಿಕೊಳ್ಳೋ ಅವಸರ, ಬಜೆಟ್ಟಿನಲ್ಲಿ ಅಷ್ಟು ದುಡ್ಡಿಲ್ಲ. ಹಾಗಾಗಿ 1994ರ ಆಗಸ್ಟಿನಲ್ಲಿ ಕೃಷ್ಣಾ ಭಾಗ್ಯ ಜಲ ನಿಗಮ ಹುಟ್ಟಿತು. ಸರ್ಕಾರದ ಗ್ಯಾರಂಟಿ ಇಟ್ಟು ಬಾಂಡ್ ಮಾರಿ ಸಾಲ ಎತ್ತಿತು. ಅದೇ ಅಚ್ಚಿನಲ್ಲಿ 1998ರಲ್ಲಿ ನಮ್ಮ ಕಡೆಯ ನಿಗಮವೂ ಬಂತು.

ಈಗ ನೋಡಿ, ಬಾಂಡ್ ಕೊಂಡವರು ಊರೂರಿನಲ್ಲಿ ಚದುರಿರ್ತಾರೆ. ಬಡ್ಡಿ ನಿಂತರೆ ಗ್ಯಾರಂಟಿ ಕೇಳೋರು ಯಾರು? ಅದಕ್ಕೇ ಟ್ರಸ್ಟಿ: ಎಲ್ಲರ ಪರವಾಗಿ ಒಪ್ಪಂದಕ್ಕೆ ಸಹಿ ಹಾಕೋ ಬ್ಯಾಂಕು ಅಥವಾ ಕಂಪನಿ. 1992ರ ಸೆಬಿ ಕಾಯ್ದೆ ಇವರಿಗೂ ನೋಂದಣಿ ಕಡ್ಡಾಯ ಮಾಡಿತು, 1993ರ ಡಿಸೆಂಬರ್ 29ಕ್ಕೆ ಡಿಬೆಂಚರ್ ಟ್ರಸ್ಟಿಗಳ ನಿಯಮಾವಳಿ ಬಂತು. ಅರ್ಜಿ ಕೊಡಬೇಕು, ಬಂಡವಾಳ ತೋರಿಸಬೇಕು, ಸಾಲ ಎತ್ತಿದ ಕಂಪನಿಯಿಂದ ಆಗಾಗ ವರದಿ ತರಿಸಿಕೊಳ್ಳಬೇಕು, ಲೆಕ್ಕಪತ್ರ ಕನಿಷ್ಠ ಐದು ವರ್ಷ ಕಾಪಾಡಬೇಕು.

ಕಾಗದದ ಮೇಲೆ ಚೆನ್ನಾಗೇ ಇತ್ತು. ಆದರೆ ಕಂಪನಿ ಕಳಿಸಿದ ವರದಿಯನ್ನೇ ನಂಬಿ ಕೂತರೆ ಕಾವಲು ಎಲ್ಲಿಯದು? (ಸರ್ವರ್ ತಾನು ಚೆನ್ನಾಗಿದ್ದೀನಿ ಅಂತ ತಾನೇ ಮೇಲ್ ಕಳಿಸಿದ ಹಾಗೆ!) 2018ರಲ್ಲಿ ಐಎಲ್ ಅಂಡ್ ಎಫ್‌ಎಸ್, 2019ರಲ್ಲಿ ಡಿಎಚ್‌ಎಫ್‌ಎಲ್ ಸಾಲ ತೀರಿಸದೆ ಮುಗ್ಗರಿಸಿದವು. ಆಮೇಲೆ, 2020ರಲ್ಲಿ, ಸೆಬಿ ನಿಯಮ ಬಿಗಿ ಮಾಡಿತು. ಅಡವಿಟ್ಟ ಆಸ್ತಿ ನಿಜಕ್ಕೂ ಇದೆಯಾ ಅಂತ ಟ್ರಸ್ಟಿಯೇ ಮೊದಲು ಪರೀಕ್ಷಿಸಬೇಕು, ಮೂರು ತಿಂಗಳಿಗೊಮ್ಮೆ ಮತ್ತೆ ನೋಡಬೇಕು. ಇದಕ್ಕೆ ಇಪ್ಪತ್ತಾರು ವರ್ಷ ಹಿಡಿದದ್ದು ನನಗಂತೂ ಸೋಜಿಗ.

ಇದನ್ನೆಲ್ಲ ಓದುವಾಗ ನೀರಾವರಿ ಯೋಜನೆಗಳಿಗೆ ಹೊಲ ಬಿಟ್ಟುಕೊಟ್ಟವರು ನೆನಪಾದರು. ದುಡ್ಡು ಕೊಟ್ಟವನಿಗೆ ಟ್ರಸ್ಟಿ ಇದ್ದಾನೆ. ನೆಲ ಕೊಟ್ಟವನಿಗೆ? 1894ರ ಭೂಸ್ವಾಧೀನ ಕಾಯ್ದೆ 2013ರ ಕೊನೆತನಕ ನಡೆಯಿತು. ಅದರ 18ನೇ ಕಲಮಿನ ಪ್ರಕಾರ, ಪರಿಹಾರ ಸಾಲದು ಅನ್ನೋ ರೈತ ತಾನೇ ಲಿಖಿತ ಅರ್ಜಿ ಹಾಕಬೇಕಿತ್ತು. ಕರ್ನಾಟಕದ ತಿದ್ದುಪಡಿಯಂತೆ ಐತೀರ್ಪಿನ ನೋಟಿಸು ತಲುಪಿದ ಮೇಲೆ ತೊಂಬತ್ತೇ ದಿನ ಗಡುವು.