ಇಬ್ಬರ ಪುಟ್ಟ ಕಾರು: ಕೊಟ್ಟ ಬೆಲೆಗೆ ತಕ್ಕದ್ದೇ?

ಎರಡು ಸೀಟು, ಎರಡೂವರೆ ಮೀಟರ್ ಉದ್ದ, ಇಕ್ಕಟ್ಟಿನ ಬೀದಿಯಲ್ಲೂ ಸಲೀಸಾಗಿ ತಿರುಗುವ ಮೈಕಟ್ಟು. ನಗರ ಸಂಚಾರಕ್ಕೆಂದೇ ರೂಪುಗೊಂಡ ಪುಟ್ಟ ಕಾರುಗಳು ಯಾರ ಕಣ್ಣನ್ನಾದರೂ ಸೆಳೆಯುತ್ತವೆ. ಆದರೆ ಬೆಲೆಪಟ್ಟಿ ಕೈಗೆ ಬಂದೊಡನೆ ಗ್ರಾಹಕರಲ್ಲಿ ಪ್ರಶ್ನೆಯೊಂದು ಏಳುತ್ತದೆ: ಹೆಚ್ಚುಕಡಿಮೆ ಇದೇ ಹಣಕ್ಕೆ ನಾಲ್ವರು ಕೂರುವ ಕಾರು ಸಿಗುವಾಗ ಇಬ್ಬರ ಕಾರು ಏಕೆ? ಇದಕ್ಕೆ ಉತ್ತರ ಬಹುಮಟ್ಟಿಗೆ ಆ ಕಾರು ಓಡಾಡುವ ಊರನ್ನೇ ಅವಲಂಬಿಸಿದೆ. ಯುರೋಪಿನ ಸ್ಮಾರ್ಟ್ ಹಾಗೂ ಬೆಂಗಳೂರಿನ ರೇವಾ ಕಾರುಗಳ ಇತಿಹಾಸವೇ ಇದಕ್ಕೆ ನಿದರ್ಶನ.

ಬೆಲೆ ಅರ್ಧವಾಗದಿರಲು ಕಾರಣ

ಸೀಟುಗಳ ಸಂಖ್ಯೆ ಅರ್ಧಕ್ಕೆ ಇಳಿದರೂ ತಯಾರಿಕಾ ವೆಚ್ಚ ಅರ್ಧಕ್ಕೆ ಇಳಿಯುವುದಿಲ್ಲ. ಎಂಜಿನ್, ಗೇರ್ ಪೆಟ್ಟಿಗೆ, ಬ್ರೇಕ್, ಸ್ಟೀರಿಂಗ್, ದೀಪ, ನಾಲ್ಕು ಚಕ್ರ ಇವೆಲ್ಲ ಪುಟ್ಟ ಕಾರಿಗೂ ಬೇಕೇ ಬೇಕು. ಉಳಿಯುವುದು ಒಂದಿಷ್ಟು ಉಕ್ಕು, ಹಿಂದಿನ ಆಸನ ಮತ್ತು ಎರಡು ಬಾಗಿಲುಗಳ ಖರ್ಚು ಮಾತ್ರ. ಜೊತೆಗೆ ಕೊಳ್ಳುವವರು ಕಡಿಮೆ ಇರುವುದರಿಂದ ವಿನ್ಯಾಸ ಮತ್ತು ಕಾರ್ಖಾನೆಗೆ ಹೂಡಿದ ಬಂಡವಾಳವನ್ನು ಕೆಲವೇ ಕಾರುಗಳಿಂದ ವಸೂಲು ಮಾಡಬೇಕಾಗುತ್ತದೆ.

ಸ್ಮಾರ್ಟ್: ಎರಡು ಖಂಡ, ಎರಡು ಲೆಕ್ಕ

ಸ್ವಾಚ್ ಕೈಗಡಿಯಾರಗಳಿಂದ ಹೆಸರಾದ ನಿಕೊಲಾಸ್ ಹಯೆಕ್ ಅವರ ಕಲ್ಪನೆಯಿಂದ ಹುಟ್ಟಿ, ಮರ್ಸಿಡಿಸ್ ಕಂಪನಿಯ ಕೈಯಲ್ಲಿ ಬೆಳೆದ ಸ್ಮಾರ್ಟ್ ಕಾರು 1998ರಲ್ಲಿ ಮಾರುಕಟ್ಟೆಗೆ ಬಂದಿತು. ಫ್ರಾನ್ಸ್‌ನ ಹಾಂಬಾಕ್‌ನಲ್ಲಿ ತಯಾರಾದ ಇದರ ಮೊದಲ ಮಾದರಿಯ ಉದ್ದ ಸುಮಾರು 2.5 ಮೀಟರ್. ಮುಂದೆ ಇದಕ್ಕೆ ಫೋರ್‌ಟೂ ಎಂಬ ಹೆಸರಾಯಿತು. ರೋಮ್, ಪ್ಯಾರಿಸ್‌ಗಳಂತಹ ಹಳೆಯ ನಗರಗಳಲ್ಲಿ ಕಾರು ನಿಲ್ಲಿಸಲು ಜಾಗ ಸಿಗುವುದೇ ದುಸ್ತರ. ಇತರ ಕಾರುಗಳು ಹಿಡಿಸದ ಸಂದಿಯಲ್ಲಿ ಇದು ನಿಲ್ಲುತ್ತಿತ್ತು. ಅಲ್ಲಿನ ಗ್ರಾಹಕರು ಹಣ ತೆತ್ತದ್ದು ಈ ಅನುಕೂಲಕ್ಕೆ.

2008ರ ಜನವರಿಯಲ್ಲಿ ಅಮೆರಿಕದಲ್ಲಿ ಮಾರಾಟ ಆರಂಭವಾದಾಗ ಇದರ ಆರಂಭಿಕ ಬೆಲೆ 11,590 ಡಾಲರ್. ಪೆಟ್ರೋಲ್ ದುಬಾರಿಯಾಗಿದ್ದ ಆ ವರ್ಷ ಸುಮಾರು 24,600 ಕಾರುಗಳು ಬಿಕರಿಯಾದವು. ಮರುವರ್ಷವೇ ಈ ಸಂಖ್ಯೆ ಸುಮಾರು 14,600ಕ್ಕೆ ಕುಸಿಯಿತು. ಸರ್ಕಾರಿ ಮಾಪನದಂತೆ ಇದರ ಸರಾಸರಿ ಮೈಲೇಜ್ ಲೀಟರಿಗೆ ಸುಮಾರು 15 ಕಿ.ಮೀ. ಅದೂ ದುಬಾರಿಯಾದ ಪ್ರೀಮಿಯಂ ಪೆಟ್ರೋಲ್ ಹಾಕಿದಾಗ! ಹತ್ತಿರದ ಬೆಲೆಗೆ ಹಿಂಬದಿಯ ಆಸನವೂ ಇದ್ದ ಟೊಯೊಟಾ ಯಾರಿಸ್ ದೊರೆಯುತ್ತಿತ್ತು. ಮನೆ ಮುಂದೆ, ಮಾಲ್ ಮುಂದೆ ವಿಶಾಲ ಜಾಗವಿರುವ ಊರುಗಳಲ್ಲಿ ಕಾರಿನ ಕಿರಿದು ಗಾತ್ರದಿಂದ ಹೇಳಿಕೊಳ್ಳುವಂಥ ಉಳಿತಾಯವೇ ಆಗಲಿಲ್ಲ. 2019ರಲ್ಲಿ ಸ್ಮಾರ್ಟ್ ಅಮೆರಿಕದಿಂದ ಹಿಂದೆ ಸರಿಯಿತು. 2024ರಲ್ಲಿ ಫೋರ್‌ಟೂ ತಯಾರಿಕೆಯೇ ನಿಂತಿತು.

ರೇವಾ: ಲಂಡನ್‌ನಲ್ಲಿ ಲಾಭ, ತವರಿನಲ್ಲಿ ಹೊರೆ

ಬೆಂಗಳೂರಿನ ಮೈನಿ ಸಮೂಹ ಹಾಗೂ ಕ್ಯಾಲಿಫೋರ್ನಿಯಾದ ಅಮೆರಿಗಾನ್ ಸಂಸ್ಥೆಯ ಸಹಯೋಗದಲ್ಲಿ 1994ರಲ್ಲಿ ಆರಂಭವಾದ ಕಂಪನಿ, 2001ರಲ್ಲಿ ರೇವಾ ವಿದ್ಯುತ್ ಕಾರನ್ನು ಬಿಡುಗಡೆ ಮಾಡಿತು. ಉದ್ದ 2.6 ಮೀಟರ್. ಮುಂದೆ ಇಬ್ಬರು ದೊಡ್ಡವರು, ಹಿಂದೆ ಇಬ್ಬರು ಚಿಕ್ಕ ಮಕ್ಕಳು ಕೂರಬಹುದಿತ್ತು. ಮನೆಯ 15 ಆಂಪ್ಸ್ ಸಾಕೆಟ್‌ನಲ್ಲೇ ಚಾರ್ಜ್ ಮಾಡಬಹುದಾಗಿದ್ದ ಈ ಕಾರು, ಒಂದು ಚಾರ್ಜ್‌ಗೆ 80 ಕಿ.ಮೀ. ಓಡುತ್ತದೆ ಎಂದು ಕಂಪನಿ ಹೇಳುತ್ತಿತ್ತು.

ಲಂಡನ್‌ನಲ್ಲಿ ಇದು ಜಿ-ವಿಜ್ ಎಂಬ ಹೆಸರಿನಲ್ಲಿ ಮಾರಾಟವಾಯಿತು. ಬೆಲೆ ಸುಮಾರು 7ರಿಂದ 8 ಸಾವಿರ ಪೌಂಡ್. ನಗರದ ಕೇಂದ್ರಭಾಗ ಪ್ರವೇಶಿಸುವ ವಾಹನಗಳ ಮೇಲಿನ ದಟ್ಟಣೆ ಶುಲ್ಕ 2005ರಲ್ಲಿ ದಿನಕ್ಕೆ 8 ಪೌಂಡ್‌ಗೆ ಏರಿತ್ತು. ವಿದ್ಯುತ್ ವಾಹನಗಳಿಗೆ ವಿನಾಯಿತಿ ಇತ್ತು. ವರ್ಷಕ್ಕೆ 240 ದಿನ ಕಚೇರಿಗೆ ಹೋಗಿ ಬರುವವರಿಗೆ 1,920 ಪೌಂಡ್ ಉಳಿತಾಯ. ಅಂದರೆ ನಾಲ್ಕು ವರ್ಷಗಳಲ್ಲಿ ಕಾರಿನ ಬೆಲೆಯೇ ಮರಳಿದಂತೆ. (ಈ ಸಂಪೂರ್ಣ ವಿನಾಯಿತಿ 2025ರ ಡಿಸೆಂಬರ್‌ನಲ್ಲಿ ಕೊನೆಗೊಂಡಿದೆ.)

ಬೆಂಗಳೂರಿನಲ್ಲಿ ದಟ್ಟಣೆ ಇತ್ತೇ ಹೊರತು ದಟ್ಟಣೆ ಶುಲ್ಕ ಇರಲಿಲ್ಲ. ಬಹುತೇಕ ರಸ್ತೆಗಳಲ್ಲಿ ಕಾರು ನಿಲ್ಲಿಸಲು ಹಣ ತೆರಬೇಕಿರಲಿಲ್ಲ. ಮಾರುತಿ 800 ಸುಮಾರು ಎರಡು ಲಕ್ಷ ರೂಪಾಯಿಗೆ ಸಿಗುತ್ತಿದ್ದ ಕಾಲದಲ್ಲಿ ಅದಕ್ಕಿಂತ ಹೆಚ್ಚು ತೆತ್ತು, ಅಜ್ಜ-ಅಜ್ಜಿಯನ್ನು ಕೂರಿಸಲಾಗದ ಕಾರನ್ನು ಮಧ್ಯಮ ವರ್ಗದ ಕುಟುಂಬಗಳು ಒಪ್ಪಲಿಲ್ಲ. ಕೆಲವು ವರ್ಷಗಳಿಗೊಮ್ಮೆ ಸೀಸ-ಆಮ್ಲ ಬ್ಯಾಟರಿಗಳನ್ನು ಬದಲಿಸುವ ಖರ್ಚು ಬೇರೆ. 2010ರಲ್ಲಿ ಮಹೀಂದ್ರಾ ಸಂಸ್ಥೆ ಕಂಪನಿಯ ಬಹುಪಾಲು ಷೇರುಗಳನ್ನು ಖರೀದಿಸಿತು. ಎರಡು ವರ್ಷಗಳ ನಂತರ ರೇವಾ ತಯಾರಿಕೆ ನಿಂತಿತು.

ಬೆಲೆಪಟ್ಟಿಯಲ್ಲಿ ಕಾಣದ ಬೆಲೆ

ಉಳಿತಾಯದ ಲೆಕ್ಕಕ್ಕಿಂತ ಗಂಭೀರವಾದುದು ಜೀವದ ಪ್ರಶ್ನೆ. ಯುರೋಪಿನಲ್ಲಿ ರೇವಾವನ್ನು ಕಾರು ಎಂದಲ್ಲ, 'ಕ್ವಾಡ್ರಿಸೈಕಲ್' ಎಂದು ವರ್ಗೀಕರಿಸಲಾಗಿತ್ತು. ಹೀಗಾಗಿ ಕಾರುಗಳಿಗೆ ಕಡ್ಡಾಯವಾದ ಅಪಘಾತ ಪರೀಕ್ಷೆ ಇದಕ್ಕೆ ಅನ್ವಯಿಸುತ್ತಿರಲಿಲ್ಲ. 2007ರಲ್ಲಿ ಬ್ರಿಟನ್ನಿನ ಟಾಪ್ ಗೇರ್ ಪತ್ರಿಕೆ ಗಂಟೆಗೆ 64 ಕಿ.ಮೀ. ವೇಗದಲ್ಲಿ ಪರೀಕ್ಷೆ ಮಾಡಿಸಿದಾಗ, ಚಾಲಕನಿಗೆ ತೀವ್ರ ಗಾಯಗಳಾಗುವ ಸಂಭವ ಕಂಡುಬಂದಿತು.

ಸ್ಮಾರ್ಟ್‌ನ ಉಕ್ಕಿನ ಕವಚ ಗಟ್ಟಿಯಾದದ್ದು. ಅಮೆರಿಕದ ವಿಮಾ ಕಂಪನಿಗಳ ಸುರಕ್ಷತಾ ಸಂಸ್ಥೆ 2008ರಲ್ಲಿ ಅದಕ್ಕೆ 'ಉತ್ತಮ' ಶ್ರೇಣಿ ನೀಡಿತ್ತು. ಆದರೆ 2009ರಲ್ಲಿ ಅದೇ ಸಂಸ್ಥೆ ಮರ್ಸಿಡಿಸ್ ಸಿ-ಕ್ಲಾಸ್ ಕಾರಿಗೆ ಮುಖಾಮುಖಿ ಡಿಕ್ಕಿ ಹೊಡೆಸಿದಾಗ ಸಿಕ್ಕಿದ್ದು 'ಕಳಪೆ' ಶ್ರೇಣಿ. ಢಿಕ್ಕಿಯಲ್ಲಿ ಹಗುರ ವಾಹನವೇ ಹಿಂದಕ್ಕೆ ಎಸೆಯಲ್ಪಡುತ್ತದೆ. ಕವಚ ಉಳಿದರೂ ಒಳಗಿರುವವರಿಗೆ ಹೊಡೆತ ತಪ್ಪದು. ಲಾರಿ, ಬಸ್ಸುಗಳ ಜೊತೆ ಹೆದ್ದಾರಿಯಲ್ಲಿ ಓಡಿಸುವವರು ಈ ಅಂಶವನ್ನು ಮರೆಯಬಾರದು.

ಕೊಳ್ಳುವ ಮುನ್ನ

* ನಿತ್ಯ ಎಷ್ಟು ಜನ ಕಾರಿನಲ್ಲಿ ಹೋಗುತ್ತಾರೆ? ಮನೆಯಲ್ಲಿ ಇನ್ನೊಂದು ವಾಹನ ಇದೆಯೇ?
* ಪಾರ್ಕಿಂಗ್‌ಗೆ ತಿಂಗಳಿಗೆ ಎಷ್ಟು ಖರ್ಚಾಗುತ್ತದೆ? ಪುಟ್ಟ ಕಾರಿಗೆ ರಿಯಾಯಿತಿ ಇದೆಯೇ?
* ವಿದ್ಯುತ್ ಕಾರಾದರೆ ಮನೆ ಅಥವಾ ಅಪಾರ್ಟ್‌ಮೆಂಟ್‌ನಲ್ಲಿ ಚಾರ್ಜಿಂಗ್ ಸೌಲಭ್ಯ ಸಿಗುವುದೇ? ಬ್ಯಾಟರಿ ವಾರಂಟಿ ಎಷ್ಟು ವರ್ಷ?
* ವಾಹನ ಯಾವ ವರ್ಗದಲ್ಲಿ ನೋಂದಣಿಯಾಗುತ್ತದೆ? ಅಪಘಾತ ಪರೀಕ್ಷೆಗೆ ಒಳಪಟ್ಟಿದೆಯೇ?
* ದಿನನಿತ್ಯದ ದಾರಿಯಲ್ಲಿ ಹೆದ್ದಾರಿ ಅಥವಾ ವೇಗದ ರಿಂಗ್ ರಸ್ತೆ ಬರುತ್ತದೆಯೇ?

ಭಾರತದಲ್ಲಿ 2023ರಲ್ಲಿ ಬಂದ ಎಂಜಿ ಕಾಮೆಟ್ ಮೂರು ಮೀಟರ್‌ಗಿಂತ ತುಸು ಕಡಿಮೆ ಉದ್ದದಲ್ಲೇ ನಾಲ್ಕು ಸೀಟುಗಳನ್ನು ಒದಗಿಸಿತು. ಇಲ್ಲಿನ ಗ್ರಾಹಕರ ನಾಡಿ ಬಲ್ಲ ತೀರ್ಮಾನವಿದು. ನಗರದೊಳಗೆ ಒಬ್ಬರೋ ಇಬ್ಬರೋ ನಿತ್ಯ ಓಡಾಡುವ, ಪಾರ್ಕಿಂಗ್‌ಗೆ ಹಣ ತೆರುವ, ಮನೆಯಲ್ಲಿ ಇನ್ನೊಂದು ಕಾರಿರುವ ಕುಟುಂಬಕ್ಕೆ ಎರಡು ಸೀಟಿನ ಕಾರು ಕೊಟ್ಟ ಹಣಕ್ಕೆ ಮೋಸ ಮಾಡದು. ಮನೆಗೆ ಇರುವುದೊಂದೇ ಕಾರು, ಹಬ್ಬಕ್ಕೆ ಊರಿಗೆ ಹೋಗಲೂ ಅದೇ ಆಗಬೇಕು ಎನ್ನುವವರು ರಸ್ತೆಯಲ್ಲಿ ಜಾಗಕ್ಕೆ ಬೆಲೆ ಕಟ್ಟುವ ದಿನ ಬರುವವರೆಗೂ ನಾಲ್ಕು ಸೀಟಿನ ಕಾರನ್ನೇ ಆರಿಸುವುದು ಲೇಸು.