ಬೆಳಕು ನೋವನ್ನು ಕಳೆಯಬಲ್ಲದೇ?

ಕಿವಿಯ ಮುಂದೆ ಬೆರಳಿಟ್ಟು ಒಮ್ಮೆ ಬಾಯಿ ತೆರೆದು ಮುಚ್ಚಿ ನೋಡಿ. ಬೆರಳಿನಡಿಯಲ್ಲಿ ಏನೋ ಸರಿದಂತಾಗುತ್ತದೆಯಲ್ಲವೇ? ಅದೇ ದವಡೆಯ ಕೀಲು. ಊಟ, ಮಾತು, ಆಕಳಿಕೆ ಎಲ್ಲಕ್ಕೂ ದುಡಿಯುವ ಈ ಕೀಲು ನಮ್ಮ ಗಮನಕ್ಕೆ ಬರುವುದು ನೋಯತೊಡಗಿದಾಗ ಮಾತ್ರ. ಪರೀಕ್ಷೆಯ ದಿನಗಳಲ್ಲಿ ಅರಿವಿಲ್ಲದೆ ಹಲ್ಲು ಬಿಗಿಹಿಡಿದು ಓದುವ ಕೆಲವರಿಗೆ ಈ ನೋವಿನ ಪರಿಚಯವಿರಬಹುದು. ಇದಕ್ಕೆ ಕೆಲವು ದಂತವೈದ್ಯರು ಕಡಿಮೆ ಶಕ್ತಿಯ ಲೇಸರ್ ಬೆಳಕನ್ನು ಹಾಯಿಸುವುದುಂಟು. ಸ್ಟುಡಿಯೋದಲ್ಲಿ ಬೆಳಕು ಹೊಂದಿಸುವುದನ್ನೇ ನಿತ್ಯದ ಕೆಲಸವಾಗಿಸಿಕೊಂಡ ನನಗೆ ಈ ಚಿಕಿತ್ಸೆಯ ಹಿಂದಿನ ಕಥೆ ಕುತೂಹಲಕರವೆನಿಸಿತು.

ಬೆಳಕಿನ ಆಧುನಿಕ ಚಿಕಿತ್ಸೆಗೆ ಬುನಾದಿ ಹಾಕಿದವರು ಡೆನ್ಮಾರ್ಕಿನ ವೈದ್ಯ ನೀಲ್ಸ್ ಫಿನ್ಸೆನ್. ಚರ್ಮದ ಕ್ಷಯರೋಗಕ್ಕೆ ಅವರು ಆರ್ಕ್ ದೀಪದ ಪ್ರಖರ ಬೆಳಕನ್ನು ಬಳಸಿದರು. 1896ರಲ್ಲಿ ಕೋಪನ್‌ಹೇಗನ್‌ನಲ್ಲಿ ಅವರ ಸಂಸ್ಥೆ ಆರಂಭವಾಯಿತು. 1903ರಲ್ಲಿ ನೊಬೆಲ್ ಬಹುಮಾನ ಬಂತು. ಮುಂದೆ ಕ್ಷಯಕ್ಕೆ ಪರಿಣಾಮಕಾರಿ ಔಷಧಿಗಳು ದೊರೆತ ಮೇಲೆ ಆ ದೀಪಗಳು ಹಿಂದೆ ಸರಿದವು.

1960ರಲ್ಲಿ ಅಮೆರಿಕದ ಥಿಯೋಡೋರ್ ಮೈಮನ್ ಮಾಣಿಕ್ಯದ ಹರಳಿನಿಂದ ಮೊದಲ ಲೇಸರನ್ನು ಹೊಮ್ಮಿಸಿದರು. ಅದರಿಂದ ಗೆಡ್ಡೆಗಳನ್ನು ಸುಡಬಹುದೆಂಬ ಆಸೆ ಹುಟ್ಟಿತು. ಬುಡಾಪೆಸ್ಟಿನ ಶಸ್ತ್ರವೈದ್ಯ ಎಂಡ್ರೆ ಮೆಸ್ಟರ್ ಇಲಿಗಳ ಮೇಲೆ ಅದನ್ನೇ ಪ್ರಯತ್ನಿಸಿದರು. ಆದರೆ ಅವರ ಲೇಸರ್ ದುರ್ಬಲವಾಗಿತ್ತು, ಗೆಡ್ಡೆ ಕರಗಲಿಲ್ಲ. ಬೇರೊಬ್ಬರಾಗಿದ್ದರೆ ಕೈಬಿಡುತ್ತಿದ್ದರೇನೋ. ಮೆಸ್ಟರ್ ಮಾತ್ರ ಬೋಳಿಸಿದ ಚರ್ಮದ ಮೇಲೆ ಕೂದಲು ಬೇಗ ಬೆಳೆದುದನ್ನೂ ಗಾಯ ಚೆನ್ನಾಗಿ ಮಾಯುತ್ತಿದ್ದುದನ್ನೂ ಗಮನಿಸಿದರು. 1960ರ ದಶಕದ ಕೊನೆಯಲ್ಲಿ ಇದನ್ನು ಪ್ರಕಟಿಸಿದರು. ಸೋತ ಪ್ರಯೋಗದಿಂದ ಹೊಸ ಪ್ರಶ್ನೆ ಹುಟ್ಟಿತು: ಸುಡದ ಬೆಳಕು ಜೀವಕೋಶವನ್ನು ಚುರುಕುಗೊಳಿಸಬಲ್ಲದೇ?

ಕತ್ತಲೆಯಲ್ಲಿ ಟಾರ್ಚನ್ನು ಅಂಗೈಯಿಂದ ಮುಚ್ಚಿ ನೋಡಿ. ಬೆರಳುಗಳು ಕೆಂಪಗೆ ಹೊಳೆಯುತ್ತವೆ. ಏಕೆಂದರೆ ನೀಲಿ, ಹಸಿರು ಕಿರಣಗಳನ್ನು ರಕ್ತ ಹೀರಿಕೊಳ್ಳುತ್ತದೆ. ಕೆಂಪು ಹೆಚ್ಚು ಆಳಕ್ಕೆ ಇಳಿಯುತ್ತದೆ. ಈ ಚಿಕಿತ್ಸೆಯಲ್ಲಿ ಕೆಂಪು ಮತ್ತು ಅದಕ್ಕೆ ಹತ್ತಿರದ ಅವಕೆಂಪು ಕಿರಣಗಳನ್ನು ಬಳಸುವುದು ಇದೇ ಕಾರಣಕ್ಕೆ. ಜೀವಕೋಶದ ಶಕ್ತಿಕೇಂದ್ರವಾದ ಮೈಟೋಕಾಂಡ್ರಿಯದಲ್ಲಿನ ಒಂದು ಕಿಣ್ವ ಇವನ್ನು ಹೀರಿಕೊಂಡು, ಉರಿಯೂತ ತಗ್ಗಲು ನೆರವಾಗುತ್ತದೆಂಬುದು ವಿಜ್ಞಾನಿಗಳಲ್ಲಿ ಹಲವರ ಊಹೆ.

ಹಾಗಾದರೆ ದವಡೆಯ ನೋವು ಹೋಗುತ್ತದೆಯೇ? ಅವಸರ ಬೇಡ. ಈ ನೋವು ಎಷ್ಟೋ ಬಾರಿ ತಾನಾಗಿಯೇ ಇಳಿಯುತ್ತದೆ. ಚಿಕಿತ್ಸೆ ಸಿಕ್ಕಿತೆಂಬ ನಂಬಿಕೆಯಿಂದಲೂ ಹಗುರವಾಗುತ್ತದೆ. ಆದ್ದರಿಂದ ಪರೀಕ್ಷಕರು ಕೆಲವರಿಗೆ ನಿಜವಾದ ಬೆಳಕನ್ನೂ, ಉಳಿದವರಿಗೆ ಬೆಳಕು ಹೊಮ್ಮದ ಅದೇ ಉಪಕರಣವನ್ನೂ ಇಡುತ್ತಾರೆ. ಯಾರಿಗೆ ಯಾವುದೆಂದು ರೋಗಿಗೆ ತಿಳಿಸುವುದಿಲ್ಲ. ಇಂಥ ಕೆಲವು ಪರೀಕ್ಷೆಗಳಲ್ಲಿ ಲೇಸರ್ ಗೆದ್ದಿದೆ, ಕೆಲವುಗಳಲ್ಲಿ ಎರಡಕ್ಕೂ ವ್ಯತ್ಯಾಸವೇ ಕಂಡಿಲ್ಲ. ಬಳಸಿದ ಕಿರಣ, ಅದರ ಪ್ರಮಾಣ, ಅವಧಿ ಒಂದೊಂದರಲ್ಲಿ ಒಂದೊಂದು ಬಗೆ.

ನಿಮಗೆ ಇಂಥ ನೋವಿದ್ದರೆ ಮೊದಲು ದಂತವೈದ್ಯರಿಗೆ ತೋರಿಸಿ. ಮೆತ್ತನೆಯ ಆಹಾರ, ದವಡೆಗೆ ವಿಶ್ರಾಂತಿ, ಹಲ್ಲು ಕಚ್ಚುವ ಅಭ್ಯಾಸದ ಮೇಲೆ ನಿಗಾ, ಇಷ್ಟರಿಂದಲೇ ಅನೇಕರು ಗುಣವಾಗುತ್ತಾರೆ. ಜಾಹೀರಾತು ನೋಡಿ ಉಪಕರಣ ಕೊಳ್ಳಬೇಡಿ. ಲೇಸರ್ ಕಣ್ಣಿಗೆ ಅಪಾಯಕಾರಿ.

ಮೆಸ್ಟರ್ ತಾವು ಬಯಸಿದ್ದನ್ನಲ್ಲ, ಕಂಡದ್ದನ್ನು ಬರೆದಿಟ್ಟರು. ಅವರು ತೋರಿದ ಬೆಳಕಿನ ಬಗ್ಗೆ ತೀರ್ಪು ಕೊಡುವಾಗ ನಾವೂ ಅಷ್ಟೇ ಪ್ರಾಮಾಣಿಕರಾಗಿರಬೇಡವೇ?