ಕರ್ನಾಟಕದ ವರ್ತಕರ ಸಂಘಗಳು

ವರ್ತಕರ ಸಂಘವು ಒಂದು ಊರು, ಪೇಟೆ ಅಥವಾ ಬಡಾವಣೆಯಲ್ಲಿ, ಇಲ್ಲವೇ ಒಂದು ನಿರ್ದಿಷ್ಟ ಸರಕಿನ ವ್ಯಾಪಾರದಲ್ಲಿ ತೊಡಗಿರುವವರು ತಮ್ಮ ಸಮಾನ ಹಿತವನ್ನು ಕಾಪಾಡಿಕೊಳ್ಳಲು ಸ್ವಇಚ್ಛೆಯಿಂದ ಕಟ್ಟಿಕೊಳ್ಳುವ ಸಂಸ್ಥೆಯಾಗಿದೆ. ಕರ್ನಾಟಕದಲ್ಲಿ ಇಂತಹ ಸಂಘಟನೆಗೆ ಮಧ್ಯಕಾಲದ ಶಾಸನಗಳಷ್ಟು ಹಳೆಯ ಇತಿಹಾಸವಿದೆ. ಇಂದು ರಾಜ್ಯಮಟ್ಟದ ವಾಣಿಜ್ಯ ಮಹಾಸಂಸ್ಥೆಯಿಂದ ಹಿಡಿದು ಹೋಬಳಿ ಕೇಂದ್ರದ ಕಿರಾಣಿ ವ್ಯಾಪಾರಿಗಳ ಸಂಘದವರೆಗೆ, ಬೆಂಗಳೂರಿನ ಬಡಾವಣೆಗಳ ಅಂಗಡಿ ಮಾಲೀಕರ ಸಂಘಗಳವರೆಗೆ ಇದರ ಹಲವು ರೂಪಗಳು ಕಂಡುಬರುತ್ತವೆ. ಒಬ್ಬ ಸಣ್ಣ ವ್ಯಾಪಾರಿಯ ಅಹವಾಲನ್ನು ಸರ್ಕಾರದ ಮುಂದೆ ಹಲವರ ಅಹವಾಲಾಗಿ ಮಂಡಿಸುವುದು ಈ ಸಂಘಗಳ ಮುಖ್ಯ ಉದ್ದೇಶ. ಆದುದರಿಂದ ಸಂಘದ ಸದಸ್ಯರು ಯಾರು, ಅದರಿಂದ ಹೊರಗೆ ಉಳಿದವರು ಯಾರು ಎಂಬ ಪ್ರಶ್ನೆಯು ಈ ಸಂಸ್ಥೆಗಳ ಅಧ್ಯಯನದಲ್ಲಿ ಮಹತ್ವ ಪಡೆಯುತ್ತದೆ.

ವಿಧಗಳು

ಕರ್ನಾಟಕದ ವರ್ತಕರ ಸಂಘಟನೆಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು.

ಸ್ಥಳಾಧಾರಿತ ಸಂಘಗಳು: ಒಂದು ಊರು, ರಸ್ತೆ, ಮಾರುಕಟ್ಟೆ ಅಥವಾ ಬಡಾವಣೆಯ ಎಲ್ಲ ಬಗೆಯ ಅಂಗಡಿಗಳವರನ್ನು ಒಳಗೊಂಡವು. ಸಣ್ಣ ಪಟ್ಟಣಗಳಲ್ಲಿ ಇವೇ ಹೆಚ್ಚು.

ಸರಕು ಅಥವಾ ವೃತ್ತಿ ಆಧಾರಿತ ಸಂಘಗಳು: ಹೋಟೆಲ್, ಬೇಕರಿ, ಔಷಧ, ಜವಳಿ, ಚಿನ್ನ ಬೆಳ್ಳಿ, ದಿನಸಿ ಧಾನ್ಯ ಮುಂತಾದ ಒಂದೇ ವ್ಯಾಪಾರದವರಿಗೆ ಸೀಮಿತವಾದವು.

ವಾಣಿಜ್ಯ ಮಂಡಳಿಗಳು: ಜಿಲ್ಲೆ ಅಥವಾ ರಾಜ್ಯದ ಮಟ್ಟದಲ್ಲಿ ವರ್ತಕರನ್ನೂ ಕೈಗಾರಿಕೋದ್ಯಮಿಗಳನ್ನೂ ಒಟ್ಟುಗೂಡಿಸುವ ಸಂಸ್ಥೆಗಳು. ವ್ಯಕ್ತಿಗಳ ಜೊತೆಗೆ ಇತರ ಸಂಘಗಳೂ ಇವುಗಳ ಸದಸ್ಯರಾಗಿರುತ್ತವೆ.

ಒಬ್ಬ ವ್ಯಾಪಾರಿಯು ಏಕಕಾಲದಲ್ಲಿ ಒಂದಕ್ಕಿಂತ ಹೆಚ್ಚು ಸಂಘಗಳಿಗೆ ಸೇರಿರುವುದು ಸಾಮಾನ್ಯ. ಔಷಧ ಅಂಗಡಿಯ ಮಾಲೀಕರು ತಮ್ಮ ರಸ್ತೆಯ ವರ್ತಕರ ಸಂಘದಲ್ಲೂ ಜಿಲ್ಲೆಯ ಔಷಧ ವ್ಯಾಪಾರಿಗಳ ಸಂಘದಲ್ಲೂ ಇರಬಹುದು.

ಇತಿಹಾಸ

ಮಧ್ಯಕಾಲ

ಇಂದಿನ ಬಾಗಲಕೋಟೆ ಜಿಲ್ಲೆಯ ಐಹೊಳೆಯ ಹೆಸರನ್ನು ಹೊತ್ತ ‘ಅಯ್ಯಾವೊಳೆ ಐನೂರ್ವರು’ ದಕ್ಷಿಣ ಭಾರತದ ಅತ್ಯಂತ ಪ್ರಸಿದ್ಧ ವರ್ತಕ ಸಮೂಹವಾಗಿತ್ತು. ಇವರಿಗೆ ಸಂಬಂಧಿಸಿದ ಶಾಸನಗಳು ಕರ್ನಾಟಕದಲ್ಲಿ ಮಾತ್ರವಲ್ಲದೆ ಆಂಧ್ರ, ತಮಿಳುನಾಡು ಮತ್ತು ಶ್ರೀಲಂಕಾಗಳಲ್ಲೂ ದೊರೆತಿವೆ. ಸುಮಾತ್ರಾ ದ್ವೀಪದ ಬರೂಸ್ ಬಳಿ ದೊರೆತ ಕ್ರಿ.ಶ. 1088ರ ತಮಿಳು ಶಾಸನವೂ ಇದೇ ಸಮೂಹವನ್ನು ಹೆಸರಿಸುತ್ತದೆ. ತಮ್ಮ ನಡವಳಿಕೆಯ ಕಟ್ಟುಪಾಡನ್ನು ಇವರು ‘ಬಣಂಜು ಧರ್ಮ’ ಎಂದು ಕರೆದುಕೊಂಡರು. ಪೇಟೆಯ ವರ್ತಕ ಸಭೆಯನ್ನು ಶಾಸನಗಳು ‘ನಗರ’ ಅಥವಾ ‘ನಖರ’ ಎಂದೂ ಪಟ್ಟಣದ ವರ್ತಕ ಮುಖ್ಯಸ್ಥನನ್ನು ‘ಪಟ್ಟಣಸ್ವಾಮಿ’ ಎಂದೂ ಹೆಸರಿಸುತ್ತವೆ.

ವರ್ತಕರು ತಾವು ಮಾರುವ ಸರಕಿನ ಹೇರಿಗೆ ಇಷ್ಟು ಎಂದು ಗೊತ್ತುಪಡಿಸಿ, ಆ ವರಮಾನವನ್ನು ದೇವಾಲಯದ ನಂದಾದೀಪ, ಅನ್ನದಾನ ಮುಂತಾದವುಗಳಿಗೆ ಬಿಟ್ಟುಕೊಟ್ಟ ದಾನಶಾಸನಗಳು ಹಲವಿವೆ. ವ್ಯಾಪಾರಕ್ಕಾಗಿ ಕೂಡಿದ ಗುಂಪು ಊರಿನ ಸಾರ್ವಜನಿಕ ಖರ್ಚನ್ನೂ ಹೊರುವ ಪದ್ಧತಿ ಕನ್ನಡನಾಡಿನಲ್ಲಿ ಹಳೆಯದು ಎಂಬುದು ಇವುಗಳಿಂದ ತಿಳಿಯುತ್ತದೆ.

ಬೆಂಗಳೂರು ಪೇಟೆ

ಯಲಹಂಕ ನಾಡಪ್ರಭುಗಳ ಮನೆತನದ ಒಂದನೆಯ ಕೆಂಪೇಗೌಡರು 1537ರಲ್ಲಿ ಕೋಟೆಯನ್ನೂ ಪೇಟೆಯನ್ನೂ ಕಟ್ಟಿಸಿದರೆಂಬುದು ಬೆಂಗಳೂರಿನ ಪ್ರಚಲಿತ ಇತಿಹಾಸ. ಅಕ್ಕಿಪೇಟೆ, ಅರಳೆಪೇಟೆ, ತರಗುಪೇಟೆ, ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ ಮುಂತಾದ ಹೆಸರುಗಳು ಒಂದೊಂದು ಸರಕು ಅಥವಾ ಕಸುಬಿನವರು ಒಂದೆಡೆ ನೆಲೆಸಿದ್ದನ್ನು ಸೂಚಿಸುತ್ತವೆ. ಒಂದೇ ಬಗೆಯ ವ್ಯಾಪಾರದವರು ಅಕ್ಕಪಕ್ಕದಲ್ಲಿಯೇ ಇದ್ದುದರಿಂದ ಬರೆದಿಟ್ಟ ನಿಯಮಗಳಿಲ್ಲದೆಯೂ ಕಟ್ಟುಪಾಡುಗಳು ನಡೆದುಕೊಂಡು ಬರಲು ಅನುಕೂಲವಾಯಿತು.

ಆಧುನಿಕ ಸಂಘಗಳು

ಆಧುನಿಕ ಮಾದರಿಯ ವಾಣಿಜ್ಯ ಮಂಡಳಿಯು ಯೂರೋಪಿನಲ್ಲಿ ಹುಟ್ಟಿತು. 1599ರಲ್ಲಿ ಫ್ರಾನ್ಸಿನ ಮಾರ್ಸೇಯಲ್ಲಿ ಸ್ಥಾಪನೆಯಾದ ಮಂಡಳಿಯನ್ನು ಮೊದಲನೆಯದೆಂದು ಪರಿಗಣಿಸಲಾಗುತ್ತದೆ. ಭಾರತದಲ್ಲಿ ಬೊಂಬಾಯಿ ಮತ್ತು ಮದರಾಸಿನ ಮಂಡಳಿಗಳು 1836ರಲ್ಲಿ ಆರಂಭವಾದವು.

ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆಯಲ್ಲಿ 1911ರಲ್ಲಿ ಮೈಸೂರು ಆರ್ಥಿಕ ಸಮ್ಮೇಳನ ಆರಂಭವಾಯಿತು. ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಅವಧಿಯಲ್ಲಿ (1912–1918) 1913ರಲ್ಲಿ ಮೈಸೂರು ಬ್ಯಾಂಕ್, 1916ರಲ್ಲಿ ಮೈಸೂರು ವಾಣಿಜ್ಯ ಮಂಡಳಿ ಸ್ಥಾಪನೆಯಾದವು. ಈ ಮಂಡಳಿಯೇ ಇಂದಿನ ಕರ್ನಾಟಕ ವಾಣಿಜ್ಯ ಮತ್ತು ಕೈಗಾರಿಕಾ ಮಹಾಸಂಸ್ಥೆ (ಎಫ್‌ಕೆಸಿಸಿಐ). ಇದರ ಕಚೇರಿ ಬೆಂಗಳೂರಿನ ಕೆಂಪೇಗೌಡ ರಸ್ತೆಯಲ್ಲಿದೆ. ಆಗ ಬೊಂಬಾಯಿ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿಯಲ್ಲಿ 1928ರಲ್ಲಿಯೂ ಮದರಾಸು ಪ್ರಾಂತ್ಯದಲ್ಲಿದ್ದ ಮಂಗಳೂರಿನಲ್ಲಿ 1940ರಲ್ಲಿಯೂ ವಾಣಿಜ್ಯ ಮಂಡಳಿಗಳು ಆರಂಭವಾದವು. ಹೀಗೆ ಬೇರೆ ಬೇರೆ ಆಡಳಿತಗಳ ಅಡಿಯಲ್ಲಿ ಬೆಳೆದ ವರ್ತಕ ಸಂಘಟನೆಗಳು 1956ರ ಏಕೀಕರಣದ ನಂತರ ಒಂದೇ ರಾಜ್ಯದ ತೆರಿಗೆ ಹಾಗೂ ಮಾರುಕಟ್ಟೆ ಕಾನೂನುಗಳನ್ನು ಎದುರಿಸಬೇಕಾಯಿತು. ಸಣ್ಣ ಕೈಗಾರಿಕೆಗಳಿಗಾಗಿ 1949ರಲ್ಲಿ ಕಾಸಿಯಾ, ಮಹಿಳಾ ಉದ್ಯಮಿಗಳಿಗಾಗಿ 1983ರಲ್ಲಿ ಅವೇಕ್ ಸಂಸ್ಥೆಗಳು ಬೆಂಗಳೂರಿನಲ್ಲಿ ಹುಟ್ಟಿಕೊಂಡವು.

ಕಾನೂನಿನ ಚೌಕಟ್ಟು

ಸ್ಥಳೀಯ ವರ್ತಕರ ಸಂಘಗಳು ಸಾಮಾನ್ಯವಾಗಿ 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದ ಅಡಿಯಲ್ಲಿ ನೋಂದಣಿಯಾಗುತ್ತವೆ. ನೋಂದಣಿಗೆ ಕನಿಷ್ಠ ಏಳು ಮಂದಿ ಬೇಕು. ಸಂಘದ ಉದ್ದೇಶಗಳನ್ನು ಹೇಳುವ ಜ್ಞಾಪನಾಪತ್ರ ಮತ್ತು ಆಡಳಿತದ ವಿವರಗಳಿರುವ ಉಪನಿಯಮಗಳನ್ನು (ಬೈಲಾ) ನೋಂದಣಾಧಿಕಾರಿಗೆ ಸಲ್ಲಿಸಬೇಕಾಗುತ್ತದೆ. ಪ್ರತಿ ವರ್ಷ ಸರ್ವಸದಸ್ಯರ ಸಭೆ ನಡೆಸುವುದು, ಲೆಕ್ಕಪತ್ರ ಮಂಡಿಸುವುದು ಹಾಗೂ ಆಡಳಿತ ಮಂಡಳಿಯ ಪಟ್ಟಿಯನ್ನು ಸಲ್ಲಿಸುವುದು ಸಂಘದ ಹೊಣೆ. ದೂರುಗಳು ಬಂದಲ್ಲಿ ವಿಚಾರಣೆ ನಡೆಸುವ ಅಧಿಕಾರ ಇಲಾಖೆಗೆ ಇದೆ. ನೋಂದಣಿಯಿಲ್ಲದೆ ಕೇವಲ ಒಡಂಬಡಿಕೆಯ ಮೇಲೆ ನಡೆಯುವ ಸಂಘಗಳೂ ಉಂಟು. ಆದರೆ ಅವು ಸಂಘದ ಹೆಸರಿನಲ್ಲಿ ಬ್ಯಾಂಕ್ ಖಾತೆ ತೆರೆಯಲು ಅಥವಾ ಆಸ್ತಿ ಹೊಂದಲು ತೊಡಕಾಗುತ್ತದೆ.

ಸಂಘವು ತನ್ನ ಸದಸ್ಯರ ಪರವಾಗಿ ಮಾತನಾಡಬಹುದಾದರೂ ಸದಸ್ಯರು ಯಾವ ಬೆಲೆಗೆ ಮಾರಬೇಕೆಂದು ನಿರ್ಧರಿಸುವಂತಿಲ್ಲ. ಒಟ್ಟಾಗಿ ಬೆಲೆ ನಿಗದಿಪಡಿಸುವುದು, ಸರಬರಾಜನ್ನು ತಡೆಯುವುದು ಮುಂತಾದವು 2002ರ ಸ್ಪರ್ಧಾ ಅಧಿನಿಯಮದ ಪ್ರಕಾರ ನಿಷಿದ್ಧ. ಸಂಘದ ನಿರಾಕ್ಷೇಪಣಾ ಪತ್ರವಿಲ್ಲದೆ ಹೊಸಬರಿಗೆ ಸರಕು ಕೊಡಬಾರದೆಂದು ಔಷಧ ವ್ಯಾಪಾರಿಗಳ ಸಂಘಗಳು ಪಾಲಿಸುತ್ತಿದ್ದ ಪದ್ಧತಿಯನ್ನು ಭಾರತೀಯ ಸ್ಪರ್ಧಾ ಆಯೋಗವು ಹಲವು ಪ್ರಕರಣಗಳಲ್ಲಿ ಕಾನೂನುಬಾಹಿರವೆಂದು ತೀರ್ಮಾನಿಸಿದೆ.

ಸದಸ್ಯತ್ವ

ಸದಸ್ಯತ್ವದ ಅರ್ಹತೆಯನ್ನು ಆಯಾ ಸಂಘದ ಬೈಲಾ ನಿರ್ಧರಿಸುತ್ತದೆ. ಸಂಘದ ವ್ಯಾಪ್ತಿಯೊಳಗೆ ಅಂಗಡಿ ಅಥವಾ ಮಳಿಗೆ ನಡೆಸುತ್ತಿರುವುದು ಸಾಮಾನ್ಯ ನಿಯಮ. ಇದಕ್ಕೆ ಸ್ಥಳೀಯ ಸಂಸ್ಥೆಯ ಉದ್ದಿಮೆ ಪರವಾನಗಿ ಅಥವಾ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಅಧಿನಿಯಮ, 1961ರ ಅಡಿಯ ನೋಂದಣಿ ಪತ್ರವನ್ನು ದಾಖಲೆಯಾಗಿ ಕೇಳುವುದುಂಟು. ಪ್ರವೇಶ ಶುಲ್ಕ ಹಾಗೂ ವಾರ್ಷಿಕ ವಂತಿಗೆ ಇರುತ್ತದೆ. ಸಾಮಾನ್ಯ ಸದಸ್ಯರು, ಒಮ್ಮೆಗೇ ಹಣ ಕಟ್ಟಿದ ಆಜೀವ ಸದಸ್ಯರು, ಪೋಷಕರು ಹಾಗೂ ಗೌರವ ಸದಸ್ಯರು ಎಂಬ ವರ್ಗಗಳು ರೂಢಿಯಲ್ಲಿವೆ. ಅಧ್ಯಕ್ಷ, ಉಪಾಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ ಮತ್ತು ಕಾರ್ಯಕಾರಿ ಸಮಿತಿಯ ಸದಸ್ಯರನ್ನು ಚುನಾವಣೆಯ ಮೂಲಕ ಅಥವಾ ಅವಿರೋಧವಾಗಿ ಆರಿಸಲಾಗುತ್ತದೆ.

ಬೈಲಾದಲ್ಲಿ ಸದಸ್ಯನನ್ನು ಕಟ್ಟಡದ ಮಾಲೀಕನೆಂದು ವಿವರಿಸಲಾಗಿದೆಯೇ, ವ್ಯಾಪಾರ ನಡೆಸುವವನೆಂದು ವಿವರಿಸಲಾಗಿದೆಯೇ ಎಂಬುದು ಮುಖ್ಯವಾದ ವ್ಯತ್ಯಾಸ. ಹೆಚ್ಚಿನ ಸಣ್ಣ ಅಂಗಡಿಗಳು ಬಾಡಿಗೆ ಮಳಿಗೆಗಳಲ್ಲಿ ನಡೆಯುವುದರಿಂದ, ಮುಂಗಡ ಮತ್ತು ಬಾಡಿಗೆ ಏರಿಕೆಯ ವಿಷಯದಲ್ಲಿ ಕಟ್ಟಡದ ಮಾಲೀಕರ ಹಿತವೂ ಬಾಡಿಗೆದಾರರ ಹಿತವೂ ಒಂದೇ ಆಗಿರುವುದಿಲ್ಲ.

ಕಾರ್ಯಗಳು

ತೆರಿಗೆ, ಪರವಾನಗಿ, ರಸ್ತೆ ಕಾಮಗಾರಿ, ವಾಹನ ನಿಲುಗಡೆ, ಕಸ ವಿಲೇವಾರಿ ಮುಂತಾದ ವಿಷಯಗಳಲ್ಲಿ ಅಧಿಕಾರಿಗಳಿಗೆ ಮನವಿ ಸಲ್ಲಿಸುವುದು ಸಂಘಗಳ ನಿತ್ಯದ ಕೆಲಸ. ಹೊಸ ಕಾನೂನು ಬಂದಾಗ ಅದನ್ನು ಸದಸ್ಯರಿಗೆ ತಿಳಿಸಿಕೊಡುವುದೂ ಇವುಗಳ ಕಾರ್ಯ. 2005ರ ಏಪ್ರಿಲ್‌ನಲ್ಲಿ ಮೌಲ್ಯವರ್ಧಿತ ತೆರಿಗೆ, 2017ರ ಜುಲೈನಲ್ಲಿ ಸರಕು ಮತ್ತು ಸೇವಾ ತೆರಿಗೆ (ಜಿಎಸ್‌ಟಿ) ಜಾರಿಯಾದಾಗ ಬಿಲ್ಲು ಬರೆಯುವ ಮತ್ತು ಲೆಕ್ಕ ಸಲ್ಲಿಸುವ ಕ್ರಮವೇ ಬದಲಾಯಿತು. ನಾಮಫಲಕಗಳಲ್ಲಿ ಶೇಕಡ 60ರಷ್ಟು ಕನ್ನಡವನ್ನು ಕಡ್ಡಾಯಗೊಳಿಸಿ 2024ರಲ್ಲಿ ಕಾನೂನು ತಿದ್ದುಪಡಿಯಾದಾಗ ಅಂಗಡಿಗಳು ತಮ್ಮ ಫಲಕಗಳನ್ನು ಬದಲಾಯಿಸಬೇಕಾಯಿತು.

ಸಂಘದ ಒಳಗೆ, ವರ್ತಕರ ನಡುವಿನ ಬಾಕಿ ಹಣದ ತಕರಾರು ಅಥವಾ ಮಾಲೀಕ ಮತ್ತು ಬಾಡಿಗೆದಾರರ ವ್ಯಾಜ್ಯವನ್ನು ಹಿರಿಯರ ಸಮ್ಮುಖದಲ್ಲಿ ಬಗೆಹರಿಸುವ ರೂಢಿಯಿದೆ. ಇಂತಹ ತೀರ್ಮಾನಗಳಿಗೆ ನ್ಯಾಯಾಲಯದ ಆದೇಶದ ಬಲವಿಲ್ಲ. ದಿನವೂ ಮುಖ ನೋಡುವವರ ನಡುವಿನ ಮರ್ಯಾದೆಯೇ ಅವುಗಳ ಆಧಾರ.

ಸಮುದಾಯ ಜೀವನದಲ್ಲಿ ಪಾತ್ರ

ಸಣ್ಣ ಪಟ್ಟಣಗಳಲ್ಲಿ ಜಾತ್ರೆ, ಗಣೇಶೋತ್ಸವ, ನವೆಂಬರ್ 1ರ ಕನ್ನಡ ರಾಜ್ಯೋತ್ಸವ, ಶಾಲಾ ವಾರ್ಷಿಕೋತ್ಸವ ಮುಂತಾದವುಗಳ ವಂತಿಗೆ ಪಟ್ಟಿ ಅಂಗಡಿ ಬೀದಿಯಿಂದಲೇ ಆರಂಭವಾಗುತ್ತದೆ. ಬೇಸಿಗೆಯಲ್ಲಿ ಅರವಟ್ಟಿಗೆ ಇಡುವುದು, ಸಂತೆಯ ದಿನ ಕುಡಿಯುವ ನೀರು ಒದಗಿಸುವುದು, ಊರಿನ ಗಣ್ಯರು ತೀರಿಕೊಂಡಾಗ ಅಂಗಡಿಗಳನ್ನು ಮುಚ್ಚಿ ಗೌರವ ಸೂಚಿಸುವುದು ಇಂತಹ ವಿಷಯಗಳಲ್ಲೂ ಸಂಘದ ಮಾತು ನಡೆಯುತ್ತದೆ. ಬಂದ್ ಕರೆಗೆ ಪಟ್ಟಣವು ಓಗೊಡುವುದೋ ಇಲ್ಲವೋ ಎಂಬುದು ಬಹುಮಟ್ಟಿಗೆ ವರ್ತಕರ ನಿರ್ಧಾರವನ್ನು ಅವಲಂಬಿಸಿರುತ್ತದೆ. 2020ರ ಕೋವಿಡ್ ಸಾಂಕ್ರಾಮಿಕದ ಸಮಯದಲ್ಲಿ ರಾಜ್ಯದ ಹಲವು ಊರುಗಳಲ್ಲಿ ವರ್ತಕರು ಸ್ವಯಂಪ್ರೇರಣೆಯಿಂದ ವ್ಯಾಪಾರದ ಸಮಯವನ್ನು ಕಡಿತಗೊಳಿಸಿದ್ದರು.

ಉದ್ರಿ ವ್ಯಾಪಾರವು ಈ ಸಂಬಂಧದ ಇನ್ನೊಂದು ಮುಖ. ಸಂಬಳ ಅಥವಾ ಫಸಲು ಕೈಸೇರುವವರೆಗೆ ಕಿರಾಣಿ ಅಂಗಡಿಯ ಲೆಕ್ಕದ ಪುಸ್ತಕವೇ ಅನೇಕ ಕುಟುಂಬಗಳಿಗೆ ಸಾಲದ ಮೂಲ. ಅಂಗಡಿ ಮುಚ್ಚಿದರೆ ಈ ಅನುಕೂಲವೂ ಇಲ್ಲವಾಗುತ್ತದೆ.

ಉತ್ತರ ಬೆಂಗಳೂರು

ಉತ್ತರ ಬೆಂಗಳೂರಿನಲ್ಲಿ ಪಟ್ಟಣದ ಪೇಟೆ, ಸಗಟು ಮಾರುಕಟ್ಟೆ ಮತ್ತು ಹೊಸ ಬಡಾವಣೆ ಎಂಬ ಮೂರು ಬಗೆಯ ವ್ಯಾಪಾರ ಕೇಂದ್ರಗಳು ಹತ್ತಿರ ಹತ್ತಿರದಲ್ಲಿವೆ. ಯಲಹಂಕವು ಬೆಂಗಳೂರಿಗಿಂತ ಹಳೆಯ ಊರು. 2007ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಸೇರುವವರೆಗೆ ಅದಕ್ಕೆ ಪ್ರತ್ಯೇಕ ನಗರಸಭೆ ಇತ್ತು. ಯಶವಂತಪುರದಲ್ಲಿ ಕೃಷಿ ಉತ್ಪನ್ನ ಮಾರುಕಟ್ಟೆ ಸಮಿತಿಯ (ಎಪಿಎಂಸಿ) ಪ್ರಾಂಗಣವಿದ್ದು, ಅಲ್ಲಿನ ಸಗಟು ವರ್ತಕರು, ದಲ್ಲಾಳಿಗಳು ಮತ್ತು ಹಮಾಲರು ತಮ್ಮದೇ ಸಂಘಟನೆಗಳನ್ನು ಹೊಂದಿದ್ದಾರೆ.

ಸಂಜಯನಗರವು ಇವೆರಡಕ್ಕಿಂತ ಭಿನ್ನ. ಹೆಬ್ಬಾಳ ವಿಧಾನಸಭಾ ಕ್ಷೇತ್ರದಲ್ಲಿರುವ ಈ ವಸತಿ ಬಡಾವಣೆಯ ಸುತ್ತಮುತ್ತ ಭೂಪಸಂದ್ರ, ಗೆದ್ದಲಹಳ್ಳಿ, ನಾಗಶೆಟ್ಟಿಹಳ್ಳಿ ಮೊದಲಾದ ಹಳೆಯ ಹಳ್ಳಿಗಳ ಹೆಸರುಗಳು ಉಳಿದುಕೊಂಡಿವೆ. ಇಂತಹ ಬಡಾವಣೆಗಳಲ್ಲಿ ಒಂದೇ ಸರಕಿನ ಪೇಟೆ ಬೆಳೆಯುವುದಿಲ್ಲ. ಮುಖ್ಯರಸ್ತೆಯ ಉದ್ದಕ್ಕೂ ದಿನಸಿ, ಬೇಕರಿ, ದರ್ಶಿನಿ, ಔಷಧ, ಹಾರ್ಡ್‌ವೇರ್, ಹೊಲಿಗೆ ಅಂಗಡಿಗಳು ಬೆರೆತಿರುತ್ತವೆ. ಮಾಲೀಕರು ಬೇರೆ ಬೇರೆ ಜಿಲ್ಲೆಗಳಿಂದಲೂ ರಾಜ್ಯಗಳಿಂದಲೂ ಬಂದವರು. ತಲೆಮಾರುಗಳ ಪರಿಚಯವಾಗಲಿ ಒಂದೇ ಕಸುಬಾಗಲಿ ಇಲ್ಲದ ಕಡೆ, ರಸ್ತೆ ಅಗೆತ, ವಾಹನ ನಿಲುಗಡೆ, ಆನ್‌ಲೈನ್ ಮಾರಾಟದ ಪೈಪೋಟಿ ಮುಂತಾದ ಸಮಾನ ತೊಂದರೆಗಳೇ ವರ್ತಕರನ್ನು ಒಂದುಗೂಡಿಸುತ್ತವೆ. ತೊಂದರೆ ಬಗೆಹರಿದ ಮೇಲೆ ಸಂಘದ ಚಟುವಟಿಕೆಯೂ ಕ್ಷೀಣಿಸುವುದು ಇಂತಹ ಸಂಘಟನೆಗಳ ದೌರ್ಬಲ್ಯ.

2025ರ ತೆರಿಗೆ ನೋಟಿಸ್ ಪ್ರಕರಣ

2025ರ ಜುಲೈನಲ್ಲಿ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯು ಯುಪಿಐ ಪಾವತಿಗಳ ಮಾಹಿತಿಯನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ನೀಡಿತು. ವಾರ್ಷಿಕ ವಹಿವಾಟು ಸರಕುಗಳಿಗೆ 40 ಲಕ್ಷ ರೂಪಾಯಿ, ಸೇವೆಗಳಿಗೆ 20 ಲಕ್ಷ ರೂಪಾಯಿ ಮೀರಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ. ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿ ಹಾಗೂ ತರಕಾರಿ ವ್ಯಾಪಾರಿಗಳು ನೋಟಿಸ್ ಪಡೆದವರಲ್ಲಿ ಸೇರಿದ್ದರು. ಖಾತೆಗೆ ಬಂದ ಹಣವೆಲ್ಲವೂ ವ್ಯಾಪಾರದ್ದಲ್ಲ, ಹಾಲು ತರಕಾರಿಗಳಂತಹ ತೆರಿಗೆ ವಿನಾಯಿತಿಯ ಸರಕೂ ಅದರಲ್ಲಿದೆ ಎಂಬುದು ಅವರ ವಾದವಾಗಿತ್ತು. ಬೆಂಗಳೂರಿನ ಹಲವೆಡೆ ಅಂಗಡಿಗಳಲ್ಲಿ ‘ಯುಪಿಐ ಇಲ್ಲ, ನಗದು ಮಾತ್ರ’ ಎಂಬ ಫಲಕಗಳು ಕಾಣಿಸಿಕೊಂಡವು. ಜುಲೈ 25ರಂದು ಬಂದ್‌ಗೆ ಕರೆ ನೀಡಲಾಯಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವರ್ತಕರ ಪ್ರತಿನಿಧಿಗಳೊಂದಿಗೆ ಸಭೆ ನಡೆಸಿ, ಮುಂದೆ ನೋಂದಣಿ ಮಾಡಿಕೊಳ್ಳುವವರಿಂದ ಹಳೆಯ ಬಾಕಿ ವಸೂಲಿ ಮಾಡುವುದಿಲ್ಲವೆಂಬ ಭರವಸೆ ನೀಡಿದ ನಂತರ ಬಂದ್ ಕರೆಯನ್ನು ಹಿಂಪಡೆಯಲಾಯಿತು.

ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಬಂದ ನೋಟಿಸಿಗೆ ಒಟ್ಟಾಗಿ ಉತ್ತರ ಹುಡುಕಲು ಸಾಧ್ಯವಾದುದರಿಂದ, ಸಂಘಟನೆಯ ಉಪಯೋಗಕ್ಕೆ ಈ ಪ್ರಕರಣ ಇತ್ತೀಚಿನ ನಿದರ್ಶನವಾಗಿದೆ.

ಮಿತಿಗಳು ಮತ್ತು ಟೀಕೆ

ಕೆಲವೇ ಹಿರಿಯ ಮನೆತನಗಳು ಅಥವಾ ಸಮುದಾಯಗಳು ಪದಾಧಿಕಾರವನ್ನು ಉಳಿಸಿಕೊಳ್ಳುವುದು, ಸಭೆಗಳು ಕಾಲಕ್ಕೆ ನಡೆಯದಿರುವುದು, ಮಹಿಳಾ ವ್ಯಾಪಾರಿಗಳ ಪ್ರಾತಿನಿಧ್ಯ ಕಡಿಮೆ ಇರುವುದು ಸಂಘಗಳ ಮೇಲಿರುವ ಸಾಮಾನ್ಯ ಟೀಕೆಗಳು. ಅಂಗಡಿಯ ನೌಕರರ ಹಿತ ಇವುಗಳ ವ್ಯಾಪ್ತಿಗೆ ಬರುವುದಿಲ್ಲ.

ಬೀದಿಬದಿ ವ್ಯಾಪಾರಿಗಳ ಸ್ಥಾನ ಹೆಚ್ಚು ಚರ್ಚೆಗೆ ಒಳಗಾದ ವಿಷಯ. ಬಾಡಿಗೆ ಮತ್ತು ತೆರಿಗೆ ಕಟ್ಟುವ ಅಂಗಡಿಯವರು ತಮ್ಮ ಮುಂದಿನ ಪಾದಚಾರಿ ಮಾರ್ಗದಲ್ಲಿ ಅದೇ ಸರಕನ್ನು ಮಾರುವುದನ್ನು ಆಕ್ಷೇಪಿಸುವುದುಂಟು. ಅಂಗಡಿ ಹಿಡಿಯಲು ಬಂಡವಾಳವಿಲ್ಲದವರಿಗೆ ಬೀದಿಯೇ ಜೀವನೋಪಾಯ. 2014ರ ಬೀದಿಬದಿ ವ್ಯಾಪಾರಿಗಳ ಜೀವನೋಪಾಯ ಸಂರಕ್ಷಣೆ ಮತ್ತು ವ್ಯಾಪಾರ ನಿಯಂತ್ರಣ ಅಧಿನಿಯಮವು ಪಟ್ಟಣ ವ್ಯಾಪಾರ ಸಮಿತಿಯನ್ನು ರಚಿಸಿ, ಅದರಲ್ಲಿ ಬೀದಿಬದಿ ವ್ಯಾಪಾರಿಗಳಿಗೆ ಕನಿಷ್ಠ ಶೇಕಡ 40ರಷ್ಟು ಸ್ಥಾನ ನೀಡಿದೆ. ಆ ಸ್ಥಾನಗಳಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿಗೆ ಮೀಸಲು. ವರ್ತಕರ ಸಂಘಗಳ ಹಾಗೂ ನಿವಾಸಿಗಳ ಕ್ಷೇಮಾಭಿವೃದ್ಧಿ ಸಂಘಗಳ ಪ್ರಾತಿನಿಧ್ಯಕ್ಕೂ ಅದರಲ್ಲಿ ಅವಕಾಶವಿದೆ. ಅಂಗಡಿಯವರು, ಬೀದಿಯ ವ್ಯಾಪಾರಿಗಳು ಮತ್ತು ನಿವಾಸಿಗಳು ಒಂದೇ ಸಭೆಯಲ್ಲಿ ಕುಳಿತು ರಸ್ತೆಯ ಬಳಕೆಯನ್ನು ಚರ್ಚಿಸಲು ಕಾನೂನು ಒದಗಿಸಿರುವ ವೇದಿಕೆ ಇದು.